‘ರೋಬಾಟ್’ ಪದ ಮತ್ತು ವಿಜ್ಞಾನ ಕಥನದ ಲಕ್ಷಣ

ವಿಜ್ಞಾನ ಕಥನದ ಮೂಲವನ್ನು ಕೆಲವರು ಮೇರಿ ಶೆಲ್ಲಿಯವರ ‘ಫ್ರಾಂಕನ್‌ಸ್ಟೈನ್’ (1818) ಕಾದಂಬರಿಯಲ್ಲಿ ಗುರುತಿಸುತ್ತಾರೆ. ಕೆಲವರು ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯಲ್ಲಿ. ಈ ಭಿನ್ನಮತದ ಬೇರು ಇರುವುದು ಲಕ್ಷಣನಿರೂಪಣೆಯಲ್ಲಿ. ಕಥಾಲೋಕವನ್ನು ನಮ್ಮ ಲೋಕದಿಂದ ತರ್ಕಬದ್ಧವಾಗಿ ಬೇರ್ಪಡಿಸುವ ಹೊಸ ಅಂಶವನ್ನು ಡಾರ್ಕೊ ಸುವಿನ್ ‘ನೋವಮ್’ ಎಂದು ಕರೆದು, ಅದನ್ನೇ ಈ ಪ್ರಕಾರದ ವ್ಯಾವರ್ತಕ ಲಕ್ಷಣವೆಂದರು. ಈ ಹೊಸತನ ಪದರಚನೆಯಲ್ಲಿ ಹೇಗೆ ನೆಲೆಗೊಳ್ಳುತ್ತದೆ ಎಂಬುದು ನಮ್ಮ ಪ್ರಶ್ನೆ.

ಕಾರೆಲ್ ಚಾಪೆಕ್ ಅವರ ‘ಆರ್.ಯು.ಆರ್.’ (1920) ನಾಟಕವನ್ನು ಗಮನಿಸಬಹುದು. ಅವರ ಸೋದರ ಯೋಸೆಫ್ ಸೂಚಿಸಿದ ‘ರೋಬಾಟ್’ ಪದಕ್ಕೆ ಚೆಕ್ ಭಾಷೆಯ ‘ರೊಬೋಟ’ ಮೂಲ. ರೈತನು ಒಡೆಯನ ಭೂಮಿಯಲ್ಲಿ ಕಡ್ಡಾಯವಾಗಿ ಸಲ್ಲಿಸಬೇಕಿದ್ದ ಬಿಟ್ಟಿ ದುಡಿಮೆ ಎಂಬುದು ಅದರ ಅರ್ಥ. ಹ್ಯಾಬ್ಸ್‌ಬರ್ಗ್ ಆಳ್ವಿಕೆಯಲ್ಲಿ ಆ ಪದ್ಧತಿ ರದ್ದಾದದ್ದು 1848ರಲ್ಲಿ. ಹೀಗೆ ಪದ ಸೂಚಿಸುವ ವಸ್ತು ಹೊಸದು, ಅದರ ಪ್ರಕೃತಿ ಹಳೆಯದು. ಭವಿಷ್ಯದ ಜೀವಿಯ ಹೆಸರಿನೊಳಗೇ ಗತಕಾಲದ ಬಲಾತ್ಕಾರ ಉಳಿದಿದೆ.

ಕನ್ನಡದ ‘ಯಂತ್ರಮಾನವ’ ಎಂಬ ಸಮಾಸ ಲೋಹದ ರೋಬಾಟ್‌ಗಳಿಗೆ ಹೊಂದುತ್ತದೆ. ಚಾಪೆಕ್ ಅವರ ರೋಬಾಟ್‌ಗಳಾದರೋ ಕೃತಕ ಜೀವದ್ರವ್ಯದಿಂದ ತಯಾರಾದವು. ಮೂಲದಲ್ಲಿಲ್ಲದ ಯಂತ್ರವನ್ನು ಸೇರಿಸುವ ಈ ಸಮಾಸ ಮೂಲದಲ್ಲಿದ್ದ ಬಿಟ್ಟಿಯನ್ನು ಕೈಬಿಡುತ್ತದೆ. ‘ರೋಬಾಟ್’ ಎಂಬ ಎರವಲು ರೂಪದಲ್ಲಿಯೂ ಆ ಅರ್ಥ ನಮಗೆ ಕೇಳಿಸದು. ಆದ್ದರಿಂದ ಯಂತ್ರೋಪಕರಣಗಳ ಆಧಾರದ ಮೇಲೆ ಈ ಪ್ರಕಾರವನ್ನು ವ್ಯಾಖ್ಯಾನಿಸಿದರೆ ನಾಟಕದ ಮುಖ್ಯ ಪ್ರಶ್ನೆಯಾದ ದುಡಿಮೆ ಮತ್ತು ಒಡೆತನದ ಸಂಬಂಧವೇ ಮರೆಯಾಗುತ್ತದೆ. ಪರಿಚಿತ ಪ್ರಕೃತಿಯನ್ನು ಅಪರಿಚಿತ ವಸ್ತುವಿಗೆ ಹೊಂದಿಸಿ ಹಳೆಯ ಸಂಬಂಧವನ್ನು ಪ್ರಶ್ನಾರ್ಹಗೊಳಿಸುವ ಈ ಕ್ರಿಯೆಯನ್ನೂ ನೋವಮ್‌ನ ವಿವರಣೆ ಒಳಗೊಳ್ಳಬೇಕೆಂಬುದು ನಮ್ಮ ನಿಲುವು.