ಮುಗಿಯುವ ಆಟಗಳು: ನಾಲ್ಕು ವಿಡಿಯೋ ಗೇಮ್‌ಗಳ ವಿಮರ್ಶೆ

ಒಂದೆರಡು ಸಂಜೆಯಲ್ಲೋ ಒಂದು ವಾರಾಂತ್ಯದಲ್ಲೋ ಆಡಿ ಮುಗಿಸಬಹುದಾದ ಕಥಾಪ್ರಧಾನ ವಿಡಿಯೋ ಗೇಮ್‌ಗಳು ಕಳೆದ ಹದಿನೈದು ವರ್ಷಗಳಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆದಿವೆ. ಅವುಗಳನ್ನು ಕಟ್ಟುವವರು ಹೆಚ್ಚಾಗಿ ಸಣ್ಣ ತಂಡಗಳು, ಕೆಲವೊಮ್ಮೆ ಒಬ್ಬರೇ. ಆಡುವವರಲ್ಲಿ ಕೆಲಸ, ಸಂಸಾರಗಳ ನಡುವೆ ಬಿಡುವು ಮಾಡಿಕೊಂಡು ಕೂರುವ ಹವ್ಯಾಸಿಗಳೇ ಬಹಳ. ಇಂಥ ಆಟಗಾರರಿಗೆ ಬೆರಳಿನ ಚುರುಕು ಅಷ್ಟಕ್ಕಷ್ಟೆ. ಸತ್ತು ಸತ್ತು ಮತ್ತೆ ಅದೇ ಲೆವೆಲ್ ಆಡುವ ತಾಳ್ಮೆಯೂ ಕಡಿಮೆ. ಅವರಿಗೆ ಬೇಕಾದದ್ದು ಮೊದಲು, ನಡು, ಕೊನೆ ಮೂರೂ ಇರುವ ಒಂದು ಅನುಭವ. ‘ವೆಣ್ಬಾ’, ‘ಫೈರ್‌ವಾಚ್’, ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’, ‘ರಿಟರ್ನ್ ಆಫ್ ದಿ ಒಬ್ರಾ ಡಿನ್’ ಎಂಬ ನಾಲ್ಕು ಆಟಗಳು ಈ ಬೇಡಿಕೆಗೆ ಒದಗುವ ರೀತಿ ಬೇರೆ ಬೇರೆ. ನಾಲ್ಕಕ್ಕೂ ಹೊಗಳಿಕೆ ಬಂದಿದೆ, ನಾಲ್ಕೂ ಅದಕ್ಕೆ ಸಮಾನವಾಗಿ ಅರ್ಹವಲ್ಲ. ಇವನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಆಡುವವರ ಕೈಗೆ ಸಿಕ್ಕ ಕೆಲಸ ಕಥೆಯನ್ನು ಹೊರುತ್ತದೆಯೋ, ಅಥವಾ ಕಥೆ ತನ್ನ ಪಾಡಿಗೆ ಸಾಗುತ್ತಿರುವಾಗ ಕೈಗೆ ಹೊತ್ತು ಕಳೆಯಲು ಏನೋ ಒಂದನ್ನು ಕೊಟ್ಟಿದೆಯೋ? ಕಥೆಯ ಗುಟ್ಟುಗಳನ್ನು ಬಿಟ್ಟುಕೊಡದೆ ಈ ಪ್ರಶ್ನೆಗೆ ಉತ್ತರ ಕೊಡಲಾಗದು. ಮುಂದೆ ಓದುವವರು ಅದಕ್ಕೆ ಸಿದ್ಧರಿರಬೇಕು.

ಟೊರಾಂಟೊದ ವಿಸೈ ಗೇಮ್ಸ್ ರೂಪಿಸಿದ ‘ವೆಣ್ಬಾ’ 2023ರ ಜುಲೈ 31ರಂದು ಬಿಡುಗಡೆಯಾಯಿತು. ಕೆನಡಾಕ್ಕೆ ವಲಸೆ ಹೋದ ತಮಿಳು ದಂಪತಿ ವೆಣ್ಬಾ ಮತ್ತು ಪಾವಲನ್, ಅಲ್ಲೇ ಹುಟ್ಟುವ ಮಗ ಕವಿನ್: ಇಷ್ಟೇ ಸಂಸಾರ. ಕಥೆ 1988ರಲ್ಲಿ ತೊಡಗಿ ದಶಕಗಳನ್ನು ದಾಟುತ್ತದೆ. ಆಟದ ಕೇಂದ್ರದಲ್ಲಿರುವುದು ತಾಯಿಯಿಂದ ಬಂದ ಒಂದು ಅಡುಗೆ ಪುಸ್ತಕ. ಅದರ ಹಾಳೆಗಳು ಹರಿದಿವೆ, ಅಕ್ಷರ ಅಳಿಸಿದೆ. ಏನು ಮೊದಲು, ಏನು ಆಮೇಲೆ ಎಂಬುದನ್ನು ಆಡುವವರೇ ಊಹಿಸಿ ಇಡ್ಲಿ, ಪುಟ್ಟು, ಬಿರಿಯಾನಿ ಮಾಡಬೇಕು. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಬೇಕು, ಪುಟ್ಟಿನ ಕೊಳವೆಗೆ ಮೊದಲು ಬೀಳಬೇಕಾದದ್ದು ಯಾವುದು ಎಂಬಂಥ ಪ್ರಶ್ನೆಗಳು ಇಲ್ಲಿ ಒಗಟಿನ ಸ್ಥಾನದಲ್ಲಿ ನಿಂತಿವೆ. ಪಾಶ್ಚಾತ್ಯ ಆಟಗಾರರು ತಲೆಕೆರೆದುಕೊಳ್ಳುವ ಜಾಗದಲ್ಲಿ ಕನ್ನಡದ ಮನೆಗಳಲ್ಲಿ ಬೆಳೆದವರ ಕೈ ತಾನಾಗಿ ಓಡುತ್ತದೆ. ಬಹುಶಃ ದಕ್ಷಿಣ ಭಾರತದ ಆಟಗಾರರಿಗೆ ಇಂಥ ಅನುಕೂಲ ಒದಗಿಸಿದ ಆಟಗಳು ಬೆರಳೆಣಿಕೆಯಷ್ಟೂ ಇರಲಾರವು. ರೇಡಿಯೋದಲ್ಲಿ ಬರುವ ಹಾಡುಗಳು ಆಯಾ ಕಾಲದ ತಮಿಳು ಸಿನಿಮಾ ಸಂಗೀತದ ಧಾಟಿಯಲ್ಲಿವೆ. ಎಣ್ಣೆ ಕಾಯುವ, ಸಾಸಿವೆ ಸಿಡಿಯುವ ಸದ್ದನ್ನೂ ಅಷ್ಟೇ ಶ್ರದ್ಧೆಯಿಂದ ಕೂಡಿಸಿದ್ದಾರೆ.

ತೊಡಕಿರುವುದು ಅಡುಗೆಮನೆಯ ಆಚೆ. ಮಗ ಮನೆಮಾತಿನಿಂದ ದೂರ ಸರಿಯುವುದು, ಡಬ್ಬಿಯ ಊಟಕ್ಕೆ ಶಾಲೆಯಲ್ಲಿ ನಾಚುವುದು, ಗಂಡನ ನಿರುದ್ಯೋಗ, ಮುಂದೆ ಅವನ ಸಾವು, ಇವೆಲ್ಲ ಚಿತ್ರಗಳ ಮೇಲೆ ಮೂಡುವ ಮಾತುಗಳಾಗಿ ಬಂದು ಹೋಗುತ್ತವೆ. ಆಡುವವರು ಆಗೊಮ್ಮೆ ಈಗೊಮ್ಮೆ ಎರಡು ಮಾತುಗಳಲ್ಲಿ ಒಂದನ್ನು ಆರಿಸಬಹುದು. ಯಾವುದನ್ನು ಆರಿಸಿದರೂ ಕಥೆ ಹೋಗುವುದು ಒಂದೇ ಕಡೆಗೆ. ಒಂದೂವರೆ ಗಂಟೆಯೊಳಗೆ ಮೂವತ್ತು ವರ್ಷಗಳ ಬಾಳು ಮುಗಿಯುವುದರಿಂದ ದುಃಖಕ್ಕೆ ಊರಿ ನಿಲ್ಲುವಷ್ಟು ಜಾಗ ಸಿಕ್ಕುವುದಿಲ್ಲ. ಅಡುಗೆಯಲ್ಲಿ ತಪ್ಪಿದರೂ ಶಿಕ್ಷೆಯಿಲ್ಲ. ಅದೇ ಹೆಜ್ಜೆಗೆ ಮರಳಿದರಾಯಿತು. ಹವ್ಯಾಸಿಗೆ ಇದು ಹಿತ. ಆದರೆ ಅಳಿಸಿದ ಹಾಳೆಯ ಮುಂದೆ ನಿಂತ ಆ ಹೆಂಗಸಿನ ಆತಂಕ ಈ ಸುಲಭದಲ್ಲಿ ಕರಗುತ್ತದೆ. 2024ರಲ್ಲಿ ಸ್ವತಂತ್ರ ಆಟಗಳ ಉತ್ಸವವಾದ ಐಜಿಎಫ್‌ನ ಅತ್ಯುನ್ನತ ಪ್ರಶಸ್ತಿ ಇದಕ್ಕೆ ಸಂದಿತು. ವಿಷಯದ ಹೊಸತನಕ್ಕೆ ಅದು ಸಲ್ಲಬೇಕಾದದ್ದೇ. ಕಟ್ಟಡದ ದೃಷ್ಟಿಯಿಂದ ‘ವೆಣ್ಬಾ’ ಒಂದು ಒಳ್ಳೆಯ ಕಾದಂಬರಿಯ ಸಾರಾಂಶದಂತಿದೆ.

‘ಫೈರ್‌ವಾಚ್’ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕ್ಯಾಂಪೊ ಸಾಂಟೊ ತಂಡ 2016ರಲ್ಲಿ ಹೊರತಂದ ಈ ಆಟ ನಡೆಯುವುದು 1989ರ ಬೇಸಿಗೆಯಲ್ಲಿ, ಅಮೆರಿಕದ ವಯೋಮಿಂಗ್‌ನ ಶೋಶೋನಿ ಅರಣ್ಯದಲ್ಲಿ. ಹಿಂದಿನ ವರ್ಷವಷ್ಟೇ ಯೆಲ್ಲೋಸ್ಟೋನ್ ಭೀಕರ ಕಾಡ್ಗಿಚ್ಚಿಗೆ ತುತ್ತಾಗಿದೆ. ಹೆಂಡತಿಗೆ ಅಕಾಲದಲ್ಲಿ ಮರೆವಿನ ಕಾಯಿಲೆ ಬಂದಾಗ ಅದನ್ನು ಎದುರಿಸಲಾರದೆ ಬಂದ ಹೆನ್ರಿ ಕಾವಲು ಗೋಪುರವೊಂದರಲ್ಲಿ ಬೆಂಕಿ ನೋಡುವ ಕೆಲಸಕ್ಕೆ ಸೇರುತ್ತಾನೆ. ಅವನಿಗೆ ಮಾತಿಗೆ ಸಿಗುವವಳು ಇನ್ನೊಂದು ಗೋಪುರದಲ್ಲಿರುವ ಮೇಲಧಿಕಾರಿ ಡೆಲೈಲಾ ಒಬ್ಬಳೇ, ಅದೂ ವಾಕಿಟಾಕಿಯಲ್ಲಿ. ಗುಂಡಿ ಒತ್ತಿ ಮಾತಾಡುವುದು ಅಥವಾ ಸುಮ್ಮನಿರುವುದು, ಆಟದ ಬಹುಪಾಲು ಇಷ್ಟೇ. ಉತ್ತರಿಸಲು ತಡವಾದರೆ ಮೌನವೇ ಉತ್ತರವೆಂದು ಲೆಕ್ಕ. ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಇಬ್ಬರ ಸಲುಗೆ ಬೆಳೆಯುವ ಬಗೆ, ತಮಾಷೆಯ ಮಾತು ಥಟ್ಟನೆ ಹೆನ್ರಿಯ ಹೆಂಡತಿಯ ಕಡೆಗೆ ತಿರುಗಿದಾಗ ಕವಿಯುವ ಮುಜುಗರ, ಇವು ವಿಡಿಯೋ ಗೇಮ್‌ಗಳಲ್ಲಿ ಅಪರೂಪ. ನಡುವೆ ಮಾತ್ರ ಆಟ ತನ್ನ ಮೇಲೇ ನಂಬಿಕೆ ಕಳೆದುಕೊಂಡಂತೆ, ಇವರಿಬ್ಬರ ಮಾತನ್ನು ಯಾರೋ ಕದ್ದು ಕೇಳುತ್ತಿದ್ದಾರೆಂಬ ಪತ್ತೇದಾರಿಯನ್ನು ಎಳೆದು ತರುತ್ತದೆ. ಬೇಲಿ, ಸಂಶೋಧಕರ ಶಿಬಿರ, ಗೂಢ ಟಿಪ್ಪಣಿ ಎಲ್ಲ ಬರುತ್ತವೆ. ಕೊನೆಗೆ ಹೊರಬೀಳುವುದು ಮಗನನ್ನು ಕಳೆದುಕೊಂಡು ಕಾಡಿನಲ್ಲೇ ಅಡಗಿ ಕುಳಿತ ಒಬ್ಬ ತಂದೆಯ ಕಥೆ. ಹೆನ್ರಿಯಂತೆ ಅವನೂ ಎದುರಿಸಬೇಕಾದದ್ದರಿಂದ ಓಡಿಬಂದವನೇ. ಆ ಸಾಮ್ಯ ಒಳ್ಳೆಯದು. ಅದಕ್ಕಾಗಿ ಅಷ್ಟು ಸುಳ್ಳು ಭಯ ಹುಟ್ಟಿಸುವ ಅಗತ್ಯವಿರಲಿಲ್ಲ. ಹೆನ್ರಿಯನ್ನೂ ಡೆಲೈಲಾಳನ್ನೂ ಒಮ್ಮೆಯೂ ಮುಖಾಮುಖಿಯಾಗಿಸದ ಮುಕ್ತಾಯಕ್ಕೆ ಅನೇಕರು ಬೇಸರಪಟ್ಟಿದ್ದಾರೆ. ಈ ಆಟದಲ್ಲಿ ಪ್ರಾಮಾಣಿಕವಾಗಿ ಉಳಿದಿರುವ ಭಾಗವೇ ಅದು.

ಜೈಂಟ್ ಸ್ಪ್ಯಾರೋ ತಂಡದ ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’ (2017) ಇವೆರಡಕ್ಕಿಂತ ಧೈರ್ಯದ ಕೃತಿ. ವಾಷಿಂಗ್ಟನ್ ರಾಜ್ಯದ ಓರ್ಕಸ್ ದ್ವೀಪದಲ್ಲಿ, ತಲೆಮಾರಿಗೊಂದು ಕೋಣೆ ಸೇರಿ ಅಡ್ಡಾದಿಡ್ಡಿ ಬೆಳೆದ ಒಂದು ಹಳೆಯ ಮನೆ. ಆ ವಂಶದಲ್ಲಿ ಹುಟ್ಟಿದವರಲ್ಲಿ ಬಹುಪಾಲು ಮಂದಿ ಅಕಾಲದಲ್ಲಿ, ವಿಚಿತ್ರವಾಗಿ ಸತ್ತವರು. ಕೊನೆಯ ಕುಡಿಯಾದ ಹದಿನೇಳರ ಈಡಿತ್ ಮುಚ್ಚಿದ ಕೋಣೆಗಳನ್ನು ಒಂದೊಂದಾಗಿ ಹೊಕ್ಕು ನೋಡುತ್ತಾಳೆ. ಪ್ರತಿ ಕೋಣೆಯಲ್ಲೂ ಒಂದು ಸಾವಿನ ಕಥೆ, ಪ್ರತಿ ಕಥೆಗೂ ತನ್ನದೇ ಆಟದ ನಿಯಮ. ಹಸಿದ ಹುಡುಗಿಯೊಬ್ಬಳು ಬೆಕ್ಕಾಗಿ, ಗೂಬೆಯಾಗಿ, ಶಾರ್ಕ್ ಮೀನಾಗಿ ಬೇಟೆಯಾಡುತ್ತಾಳೆ. ಬಾಲನಟಿಯಾಗಿದ್ದವಳ ಕೊನೆ ಅಗ್ಗದ ಭಯಾನಕ ಕಾಮಿಕ್ ಪುಟಗಳೊಳಗೆ ನಡೆಯುತ್ತದೆ. ಹುಡುಗನೊಬ್ಬನ ಉಯ್ಯಾಲೆಯನ್ನು ಆಡುವವರೇ ಜೀಕಬೇಕು. ಮೇಲೆ ಹೋದಷ್ಟೂ ಇನ್ನೂ ಮೇಲೆ ಹೋಗಬೇಕೆನಿಸುತ್ತದೆ, ಅಪಾಯವಿರುವುದೂ ಅಲ್ಲೇ.

ಎಲ್ಲಕ್ಕಿಂತ ಮೇಲ್ಮಟ್ಟದ್ದು ಲೂಯಿಸ್‌ನ ಕಥೆ. ಅವನು ಮೀನು ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಸಾಲ್ಮನ್ ಮೀನುಗಳ ತಲೆ ಕತ್ತರಿಸುವವನು. ಆಡುವವರ ಒಂದು ಕೈ ಈ ಕೆಲಸ ಮಾಡುತ್ತದೆ: ಮೀನು ಎಳೆ, ಅಲಗಿನ ಕೆಳಗೆ ಇಡು, ಆಚೆ ತಳ್ಳು, ಮತ್ತೊಂದು ಎಳೆ. ಹಿನ್ನೆಲೆಯಲ್ಲಿ ಅವನ ಮನೋವೈದ್ಯೆ ಅವನ ತಾಯಿಗೆ ಬರೆದ ಪತ್ರ ಕೇಳಿಸುತ್ತಿರುತ್ತದೆ. ಬೇಸರ ಕಳೆಯಲು ಲೂಯಿಸ್ ಒಂದು ಕಾಲ್ಪನಿಕ ರಾಜ್ಯ ಕಟ್ಟಿಕೊಳ್ಳುತ್ತಾನೆ. ಅದು ಮೊದಲು ಪರದೆಯ ಮೂಲೆಯಲ್ಲಿ ಪುಟ್ಟ ಚಿತ್ರವಾಗಿ ಮೂಡುತ್ತದೆ. ಆ ರಾಜ್ಯದಲ್ಲಿ ಅವನನ್ನು ನಡೆಸಲು ಇನ್ನೊಂದು ಕೈ ಬೇಕು. ಸ್ವಲ್ಪ ಹೊತ್ತಿಗೆ ಚಿತ್ರ ಹಿಗ್ಗಿ ಪರದೆಯನ್ನೆಲ್ಲ ಆವರಿಸುತ್ತದೆ, ಊರುಗಳು ಏಳುತ್ತವೆ, ಮೆರವಣಿಗೆ ಹೊರಡುತ್ತದೆ, ಪಟ್ಟಾಭಿಷೇಕ ಹತ್ತಿರವಾಗುತ್ತದೆ. ಇತ್ತ ಮೊದಲ ಕೈ ನೋಡದೆಯೇ ಮೀನು ಕತ್ತರಿಸುತ್ತಿರುತ್ತದೆ. ಒಬ್ಬ ಮನುಷ್ಯ ತನ್ನ ದೇಹವನ್ನು ಕೆಲಸಕ್ಕೆ ಬಿಟ್ಟು ಮನಸ್ಸನ್ನು ಹೊರಗೆ ಕಳಿಸುವುದು ಎಂದರೇನೆಂದು ಗದ್ಯ ವರ್ಣಿಸಬಹುದು, ಸಿನಿಮಾ ತೋರಿಸಬಹುದು. ಇಲ್ಲಿ ಆಡುವವರ ಎರಡು ಕೈಗಳೇ ಆ ಒಡಕನ್ನು ಅನುಭವಿಸುತ್ತವೆ. ರಾಜನಾಗಲು ಹೊರಟವನು ತಲೆ ಬಗ್ಗಿಸಬೇಕಾದ ಜಾಗ ಯಾವುದೆಂದು ತಿಳಿದಾಗ ಕೈ ಹಿಂದೆಗೆಯುತ್ತದೆ, ಆದರೆ ಆಟ ಮುಂದುವರಿಯಲು ಅದೇ ಕೈ ಬೇಕು. ಹತ್ತು ನಿಮಿಷಕ್ಕೂ ಮೀರದ ಈ ಭಾಗವೊಂದೇ ಸಾಕು, ಇಡೀ ಆಟಕ್ಕೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಉಳಿದ ಕಥೆಗಳೆಲ್ಲ ಈ ಎತ್ತರಕ್ಕೆ ಏರುವುದಿಲ್ಲ. ಕೋಣೆಯಿಂದ ಕೋಣೆಗೆ ನಡೆಯುವ ನಡುವಿನ ಭಾಗ ನಿಧಾನ. ಅಲ್ಲಿ ಮಾಡುವುದಕ್ಕೆ ಬಾಗಿಲು ತೆಗೆಯುವುದರ ಹೊರತು ಏನೂ ಇಲ್ಲ. ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ಸ್ನಾನದ ತೊಟ್ಟಿಯಲ್ಲಿ ಒಂಟಿಯಾಗಿ ಬಿಟ್ಟ ಹಸುಳೆಯ ಸಾವನ್ನು ಚೈಕಾವ್‌ಸ್ಕಿಯ ಸಂಗೀತಕ್ಕೆ ಕುಣಿಯುವ ಆಟಿಕೆಗಳ ನಲಿವಾಗಿ ತೋರಿಸುವ ಕಡೆ, ಹೆತ್ತವರ ಅಜಾಗ್ರತೆ ವಂಶದ ಶಾಪವೆಂಬ ಪರದೆಯ ಹಿಂದೆ ಸರಿಯುತ್ತದೆ. ಶಾಪದ ಕಥೆಗಳನ್ನು ನಂಬುತ್ತ ಹೋದದ್ದೇ ಈ ಮನೆತನವನ್ನು ಹಾಳು ಮಾಡಿತೇ ಎಂಬ ಪ್ರಶ್ನೆಯನ್ನು ಆಟ ತಾನೇ ಎತ್ತುತ್ತದೆ. ಎತ್ತಿದ ಮೇಲೂ ಆ ಕಥೆಗಳ ಸೊಗಸನ್ನು ಬಿಟ್ಟುಕೊಡಲು ಅದಕ್ಕೆ ಮನಸ್ಸಿಲ್ಲ. 2018ರ ಬಾಫ್ಟಾ ಸಮಾರಂಭದಲ್ಲಿ ವರ್ಷದ ಅತ್ಯುತ್ತಮ ಆಟವೆಂಬ ಗೌರವ ಇದಕ್ಕೆ ದೊರೆಯಿತು.

‘ರಿಟರ್ನ್ ಆಫ್ ದಿ ಒಬ್ರಾ ಡಿನ್’ 2018ರ ಅಕ್ಟೋಬರ್‌ನಲ್ಲಿ ಬಂದದ್ದು. ಹೆಚ್ಚುಕಡಿಮೆ ಒಬ್ಬನೇ ಕೂತು ಇದನ್ನು ಕಟ್ಟಿದವನು ಲ್ಯೂಕಸ್ ಪೋಪ್. 1802ರಲ್ಲಿ ಲಂಡನ್‌ನಿಂದ ಪೂರ್ವ ದೇಶಗಳಿಗೆ ಹೊರಟ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಕಾಣೆಯಾಗುತ್ತದೆ. 1807ರಲ್ಲಿ ಬದುಕಿರುವ ಒಬ್ಬನೂ ಇಲ್ಲದೆ ಇಂಗ್ಲೆಂಡಿನ ಫಾಲ್ಮತ್ ಬಂದರಿನ ಹತ್ತಿರ ತೇಲಿಬರುತ್ತದೆ. ಹಡಗಿನಲ್ಲಿದ್ದವರು 60 ಮಂದಿ. ಪ್ರತಿಯೊಬ್ಬರಿಗೂ ಏನಾಯಿತೆಂದು ಬರೆದು ಒಪ್ಪಿಸುವುದು ಕಂಪನಿಯ ವಿಮಾ ತನಿಖಾಧಿಕಾರಿಯಾದ ಆಡುವವರ ಕೆಲಸ. ಅವರ ಹತ್ತಿರ ಒಂದು ಮಾಯದ ಗಡಿಯಾರವಿದೆ. ಶವದ ಎದುರು ಅದನ್ನು ಹಿಡಿದರೆ ಸಾಯುವ ಮುಂಚಿನ ಕೆಲವು ಮಾತು, ಸದ್ದುಗಳು ಕೇಳುತ್ತವೆ. ಆಮೇಲೆ ಸಾವಿನ ಆ ಒಂದು ಕ್ಷಣ ಸ್ತಬ್ಧವಾಗಿ ಕಣ್ಣೆದುರು ನಿಲ್ಲುತ್ತದೆ. ಅದರೊಳಗೆ ಸುತ್ತಾಡಿ ನೋಡಬಹುದು. ಕಪ್ಪು ಬಿಳುಪಿನ ಚುಕ್ಕೆಗಳಲ್ಲೇ ಬಿಡಿಸಿದ ಚಿತ್ರಗಳು ಹಳೆಯ ಮ್ಯಾಕಿಂಟಾಶ್ ಕಂಪ್ಯೂಟರಿನ ಪರದೆಯನ್ನು ನೆನಪಿಸುತ್ತವೆ. ಗುಡುಗಿನಲ್ಲಿ ಕತ್ತಿ ಎತ್ತಿದವನು, ಅಲೆಗೆ ಸಿಕ್ಕಿ ಗಾಳಿಯಲ್ಲೇ ನಿಂತವನು ಕೆತ್ತನೆಯ ಹಾಗೆ ಕಾಣುತ್ತಾರೆ. ಬಣ್ಣ ಬಿಟ್ಟದ್ದು ಬರೀ ಶೋಕಿಗಲ್ಲ. ನೋಟ ಎಲ್ಲಿ ನೆಟ್ಟರೂ ಒಂದು ಗೆರೆಯೂ ವ್ಯರ್ಥವಲ್ಲ ಎಂಬ ನಂಬಿಕೆ ಈ ಮಿತಿಯಿಂದಲೇ ಹುಟ್ಟುತ್ತದೆ.

ಆಡುವವರ ಕೈಗೆ ಕೊಟ್ಟ ಪುಸ್ತಕದಲ್ಲಿ ಹೆಸರಿನ ಪಟ್ಟಿಯೂ ಇದೆ, ಮುಖಗಳ ರೇಖಾಚಿತ್ರವೂ ಇದೆ. ಯಾವ ಹೆಸರು ಯಾವ ಮುಖದ್ದು ಎಂದು ಯಾರೂ ಹೇಳುವುದಿಲ್ಲ. ತೂಗುಹಾಸಿಗೆಗೆ ಕಟ್ಟಿದ ಸಂಖ್ಯೆ, ಮಾತಿನ ಧಾಟಿ, ಯಾರ ಪಕ್ಕ ಯಾರು ಉಣ್ಣುತ್ತಾರೆ, ಯಾರ ಕಾಲಲ್ಲಿ ಎಂಥ ಪಾದರಕ್ಷೆ, ಇಂಥ ಚೂರುಗಳಿಂದ ಒಬ್ಬೊಬ್ಬರನ್ನು ಗುರುತಿಸಬೇಕು. ಮೂವರ ಗತಿ ಸರಿಯಾದಾಗ ಮಾತ್ರ ಪುಸ್ತಕ ಅದನ್ನು ಒಪ್ಪುತ್ತದೆ. ಈ ಮೂರರ ನಿಯಮ ಬಹಳ ಜಾಣತನದ್ದು: ಕುರುಡಾಗಿ ಊಹಿಸಿದರೆ ಏನೂ ದಕ್ಕುವುದಿಲ್ಲ, ಅರ್ಧ ಖಚಿತವಾದ ಊಹೆಗೆ ಮಾತ್ರ ಆಸರೆ ಸಿಗುತ್ತದೆ. ಕಥೆ ಕೊನೆಯ ಸಾವುಗಳಿಂದ ಶುರುವಾಗಿ ಹಿಂದಕ್ಕೆ ಸಾಗುವುದರಿಂದ, ಮೊದಲು ಕಾಣುವ ಕ್ರೌರ್ಯಕ್ಕೆ ಕಾರಣ ಬಹಳ ತಡವಾಗಿ ತಿಳಿಯುತ್ತದೆ. ಕ್ಯಾಪ್ಟನ್ ಕೊಲೆಗಾರನೆಂದು ತೀರ್ಮಾನಿಸಿದವರು ಅವನ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತದೆ.

ಭಾರತದ ಓದುಗರ ಕಣ್ಣಿಗೆ ಇಲ್ಲಿ ಬೇರೆಯದೊಂದು ಸಂಗತಿಯೂ ಬೀಳುತ್ತದೆ. ಸಿಬ್ಬಂದಿಯ ಪಟ್ಟಿಯಲ್ಲಿ ಇಂಡಿಯಾದವರೆಂದು ನಮೂದಾದ ನಾವಿಕರಿದ್ದಾರೆ. ಅವರಲ್ಲಿ ಸೊಲೊಮನ್ ಸೈಯದ್, ರೆನ್‌ಫ್ರೆಡ್ ರಾಜೂಬ್ ಇಬ್ಬರೂ ಪ್ರಯಾಣದ ಮೊದಲ ಭಾಗದಲ್ಲೇ ಕಾಯಿಲೆ ಬಿದ್ದು ಸಾಯುತ್ತಾರೆ. ಕಂಪನಿಯ ಹಡಗುಗಳಲ್ಲಿ ಲಸ್ಕರ್ ಎನಿಸಿಕೊಂಡ ಭಾರತೀಯ ನಾವಿಕರು ದುಡಿದದ್ದು ಇತಿಹಾಸ. ಅವರನ್ನು ಮರೆಯದೆ ಹತ್ತಿಸಿಕೊಂಡದ್ದು ಪೋಪ್‌ನ ಶ್ರದ್ಧೆ. ಆದರೆ ಯಾವ ಊರಿನವರದೂ ಆಗಲಾರದ ಆ ಹೆಸರುಗಳು ಶ್ರದ್ಧೆಯ ಗಡಿಯನ್ನೂ ತೋರಿಸುತ್ತವೆ. ಈ ಹಡಗು ಹೊರಡುವ ಮೂರು ವರ್ಷಗಳ ಹಿಂದಷ್ಟೇ, 1799ರಲ್ಲಿ, ಇದೇ ಕಂಪನಿಯ ಸೇನೆ ಶ್ರೀರಂಗಪಟ್ಟಣವನ್ನು ಗೆದ್ದಿತ್ತು. ಆಟದಲ್ಲಿ ಆ ಕಂಪನಿ ಬರೇ ಲೆಕ್ಕದ ಪುಸ್ತಕ. ಇದನ್ನು ದೋಷವೆಂದು ತಳ್ಳಿಹಾಕುವ ಮೊದಲು ಮುಕ್ತಾಯವನ್ನು ಗಮನಿಸಬೇಕು. ವರದಿ ಒಪ್ಪಿಸಿದ ಮೇಲೆ ಕಂಪನಿ ಪ್ರತಿಯೊಬ್ಬರ ಲೆಕ್ಕ ತೀರಿಸುತ್ತದೆ: ಇವನ ವಾರಸುದಾರರಿಗೆ ಪರಿಹಾರ, ಅವನ ಆಸ್ತಿಗೆ ದಂಡ. ದಂಗೆಯೆದ್ದವನೆಂದು ಆಡುವವರು ಬರೆದರೆ ಅವನ ಮನೆಯವರು ಕಟ್ಟಬೇಕು. ಇಷ್ಟು ಹೊತ್ತು ಒಗಟು ಬಿಡಿಸುತ್ತಿದ್ದ ಕೈ, ತಾನು ಗುಮಾಸ್ತನ ಕೈಯಾಗಿತ್ತೆಂದು ಆಗ ಅರಿಯುತ್ತದೆ. ನಾಲ್ಕು ಆಟಗಳಲ್ಲಿ ಇಷ್ಟು ತಣ್ಣಗೆ ಚುಚ್ಚುವ ಮುಕ್ತಾಯ ಬೇರೊಂದಿಲ್ಲ.

ಕುಂದುಗಳೂ ಇವೆ. ನೋಡಿದ ದೃಶ್ಯವನ್ನು ಮತ್ತೆ ನೋಡಬೇಕೆಂದರೆ ಪುಸ್ತಕದಿಂದ ನೇರವಾಗಿ ಅಲ್ಲಿಗೆ ಹೋಗುವಂತಿಲ್ಲ. ಮೂರು ಅಂತಸ್ತು ಹತ್ತಿ ಇಳಿದು ಆ ಶವದ ಹತ್ತಿರವೇ ನಡೆಯಬೇಕು. ಮೊದಲ ಸಲ ಪ್ರತಿ ದೃಶ್ಯದಲ್ಲೂ ಸಂಗೀತ ಮುಗಿಯುವ ತನಕ ಕಾಯಬೇಕು. ಕೊನೆಯ ಹತ್ತು ಹದಿನೈದು ಮಂದಿಯ ಹೊತ್ತಿಗೆ ಸಾಮಾನ್ಯ ನಾವಿಕರ ನಡುವೆ ಭೇದ ಕಾಣದೆ, ಹೆಸರುಗಳನ್ನು ಅದಲುಬದಲು ಮಾಡಿ ನೋಡುವ ಅಡ್ಡದಾರಿಗೆ ಹೆಚ್ಚಿನವರು ಇಳಿಯುತ್ತಾರೆ. ಆಗ ಮೂರರ ನಿಯಮವೇ ಅದಕ್ಕೆ ಸಹಾಯಕವಾಗಿಬಿಡುತ್ತದೆ. ಸಮುದ್ರದ ದೈತ್ಯಜೀವಿಗಳು ಬರುವ ಅಧ್ಯಾಯಗಳು ಅದ್ದೂರಿಯಾಗಿದ್ದರೂ, ಹಡಗಿನ ಜನರ ಸಣ್ಣ ದ್ವೇಷ, ನಿಷ್ಠೆಗಳಷ್ಟು ಆಸಕ್ತಿ ಹುಟ್ಟಿಸುವುದಿಲ್ಲ.

ಹೀಗಿದ್ದೂ ನಾಲ್ಕರಲ್ಲಿ ಮೊದಲ ಸ್ಥಾನ ‘ಒಬ್ರಾ ಡಿನ್’ಗೇ ಸಲ್ಲಬೇಕು. ಲೂಯಿಸ್‌ನ ಹತ್ತು ನಿಮಿಷದಲ್ಲಿ ‘ಈಡಿತ್ ಫಿಂಚ್’ ಸಾಧಿಸಿದ್ದನ್ನು ಇದು ಹತ್ತು ಗಂಟೆಯ ಉದ್ದಕ್ಕೂ ಉಳಿಸಿಕೊಳ್ಳುತ್ತದೆ. ಒಂದೇ ತೊಂದರೆ, ಇದನ್ನು ಆಡಲಾಗುವುದು ಒಮ್ಮೆ ಮಾತ್ರ. ಯಾವ ಮುಖ ಯಾರದೆಂದು ತಿಳಿದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ. 60 ಮಂದಿಯ ಗತಿಯನ್ನೂ ಸಾಲಾಗಿ ಬರೆದಿಟ್ಟ ಉತ್ತರಗಳು ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಆಡಬೇಕೆಂದಿರುವವರು ಎಷ್ಟೇ ಸಿಕ್ಕಿಹಾಕಿಕೊಂಡರೂ ಅವನ್ನು ತೆರೆಯದಿರುವುದು ಒಳ್ಳೆಯದು.