ನಳಿಗೆಯ ಬಾಯಿ

ಶಿವಪುರದ ಓದುಗರೊಬ್ಬರು ಕೇಳಿದ್ದಾರೆ: ಕಬ್ಬಿಗೆ ಬೀಳುವ ಹಂದಿ ಬೆದರಿಸಲು ತಂದೆಯವರು ಪರವಾನಗಿ ಪಡೆದಿದ್ದ ಕೇಪಿನ ಕೋವಿ ಮನೆಯಲ್ಲಿದೆ. ಈಗ ಮಗಳು ಗುರಿಸ್ಪರ್ಧೆಗೆಂದು .22 ರೈಫಲ್ ಹಿಡಿದಿದ್ದಾಳೆ. ಎರಡನ್ನೂ ಒಂದೇ ಗಜದಲ್ಲಿ, ಒಂದೇ ಎಣ್ಣೆಯಲ್ಲಿ ಒರೆಸಬಹುದೆ?

ಬೇಡ. ಎರಡರ ಕೊಳೆಯೂ ಬೇರೆ, ಒಳಮೈಯೂ ಬೇರೆ.

ಕೇಪಿನ ಕೋವಿಗೆ ತುಂಬುವ ಕರಿಮದ್ದು ಉರಿದ ಮೇಲೆ ನಳಿಗೆಯೊಳಗೆ ಉಪ್ಪಿನಂಶ ಉಳಿಯುತ್ತದೆ. ಅದು ಗಾಳಿಯ ತೇವ ಹೀರಿಕೊಂಡು, ಶಿಂಷೆಯ ದಡದಂಥ ಕಡೆ ಒಂದೆರಡು ದಿನದಲ್ಲೇ ಉಕ್ಕನ್ನು ತಿನ್ನತೊಡಗುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಮೇಲೆ ಎಷ್ಟು ಎಣ್ಣೆ ಬಳಿದರೂ ಅದು ಅಡಿಯಲ್ಲಿ ತನ್ನ ಕೆಲಸ ಮುಂದುವರಿಸುತ್ತದೆ. ಮೊದಲು ಬಿಸಿನೀರು, ಆಮೇಲೆ ಒಣಬಟ್ಟೆ, ಎಣ್ಣೆ ಕಡೆಗೆ.

ಬ್ರಿಟಿಷ್ ಸೇನೆಯ .303 ರೈಫಲ್‌ಗೂ ಇದೇ ಚಿಕಿತ್ಸೆ ನಡೆಯುತ್ತಿತ್ತು. ಅದರ ಮದ್ದು ಬೇರೆ, ಹೊಗೆ ಕಡಿಮೆ; ಆದರೆ ತೋಟಾದ ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸಿಡಿದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತಿತ್ತು. ಅದೂ ಉಪ್ಪೇ. ಆಲಿಕೆಯಿಟ್ಟು ಕುದಿಯುವ ನೀರನ್ನು ಹಿಂದಿನಿಂದ ಸುರಿಯುತ್ತಿದ್ದರು. ಬಿಸಿಯೇರಿದ ನಳಿಗೆ ಬೇಗ ಒಣಗುತ್ತಲೂ ಇತ್ತು. ಎನ್‌ಸಿಸಿಯಲ್ಲಿದ್ದವರಿಗೆ ಪುಲ್‌ಥ್ರೂ, ಚಿಂದಿ ಎರಡೂ ನೆನಪಿರುತ್ತವೆ. ಹಗ್ಗದ ಒಂದು ತುದಿಗೆ ಹಿತ್ತಾಳೆಯ ತೂಕ, ಇನ್ನೊಂದು ತುದಿಯ ಕುಣಿಕೆಗೆ ನಾಲ್ಕಿಂಚು ಉದ್ದ, ಎರಡಿಂಚು ಅಗಲದ ಬಟ್ಟೆ. ಹಿಂದಿನಿಂದ ಇಳಿಬಿಟ್ಟು ಮುಂದಿನಿಂದ ಎಳೆಯುವುದು. ಎಳೆಯುವಾಗ ಹಗ್ಗ ನೇರವಾಗಿರಬೇಕು. ಓರೆಯಾಗಿ ಎಳೆದರೆ ನಳಿಗೆಯ ಬಾಯಂಚಿಗೆ ಉಜ್ಜುತ್ತದೆ. ಧೂಳು ಕೂತ ಹಗ್ಗ ಅರದಂತೆ ಕೆಲಸ ಮಾಡಿ ವರ್ಷಗಳಲ್ಲಿ ಅಲ್ಲೊಂದು ಗೀರು ಕೊರೆಯುತ್ತದೆ.

ಮಗಳ ರೈಫಲ್‌ನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಕಾಯುವುದು ಈ ಬಾಯಂಚನ್ನೇ. ನಳಿಗೆಯೊಳಗಿನ ಸುರುಳಿ ತೋಡುಗಳು ಗುಂಡನ್ನು ತಿರುಗಿಸುತ್ತವೆ. .22ರಲ್ಲಿ ಸಾಮಾನ್ಯವಾಗಿ ಹದಿನಾರು ಇಂಚಿಗೆ ಒಂದು ಸುತ್ತು. ಗುಂಡು ಹೊರಬೀಳುವ ಗಳಿಗೆಯಲ್ಲಿ ಬೆನ್ನಟ್ಟಿ ಬರುವ ಅನಿಲ ಅದರ ಬುಡದ ಸುತ್ತ ಸಮನಾಗಿ ನುಗ್ಗಬೇಕು. ಅಂಚು ಒಂದು ಕಡೆ ಸವೆದಿದ್ದರೆ ಅನಿಲ ಅಲ್ಲಿ ಮೊದಲು ನುಗ್ಗಿ ಗುಂಡನ್ನು ಓಲಾಡಿಸುತ್ತದೆ. ಉಳಿದ ನಳಿಗೆ ಕನ್ನಡಿಯಂತೆ ಹೊಳೆಯುತ್ತಿದ್ದರೂ ಗುರಿ ಚದುರುತ್ತದೆ. ಕೇಪಿನ ಕೋವಿಯ ಗಜ ಮುಂದಿನಿಂದಲೇ ಹೋಗಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ರೈಫಲ್‌ಗೆ ಇದೆ. ಮ್ಯಾಗಜೀನ್ ತೆಗೆದು, ಬೋಲ್ಟ್ ಹೊರಗೆಳೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ಕಂಡು, ಹಿಂದಿನಿಂದಲೇ ಒಂದೇ ತುಂಡಿನ ನಯವಾದ ಕಡ್ಡಿ ಹಾಕಿ. ಬಟ್ಟೆ ಮುಂದೆ ಹೊರಬಿದ್ದಾಗ ಅದನ್ನು ಅಲ್ಲೇ ಕಳಚಿ, ಬರಿ ಕಡ್ಡಿಯನ್ನು ನಿಧಾನ ಹಿಂದೆಗೆಯಿರಿ. ಕೊಳಕು ಬಟ್ಟೆ ಮತ್ತೆ ಒಳಗೆ ಬರಬಾರದು.

ಉಜ್ಜುವ ಚಟವೂ ಬೇಡ. .22ರ ಈಗಿನ ತೋಟಾಗಳಲ್ಲಿ ಆ ಹಳೆಯ ಉಪ್ಪಿಲ್ಲ, ಸೀಸದ ಗುಂಡಿಗೆ ಮೇಣ ಸವರಿರುತ್ತಾರೆ. ಈ ನಳಿಗೆಗಳು ಗುಂಡು ಹಾರಿಸಿ ಸವೆಯುವುದು ಬಲು ನಿಧಾನ. ಒರಟು ಕೈಯಲ್ಲಿ ಬೇಗ ಕೆಡುತ್ತವೆ. ತೋಟಾ ಕೂರುವ ಜಾಗದ ಮುಂದೆ ಕಟ್ಟುವ ಸೀಸವನ್ನು ಆಗಾಗ ಬಿಡಿಸಿದರೆ ಸಾಕು. ತಾಮ್ರದ ಹೊದಿಕೆಯ ಗುಂಡು ಹಾರಿಸುವ ದೊಡ್ಡ ರೈಫಲ್‌ಗಳ ಕಥೆ ಬೇರೆ. ಅಲ್ಲಿ ಅಮೋನಿಯಾ ಬೆರೆತ ದ್ರಾವಣ ಬೇಕು, ಬಟ್ಟೆ ನೀಲಿಯಾಗಿ ಬಂದರೆ ತಾಮ್ರ ಇನ್ನೂ ಇದೆ ಎಂದರ್ಥ.

ಅಡುಗೆಮನೆಯ ಎಣ್ಣೆ ಯಾವ ಕೋವಿಗೂ ಬೇಡ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಹರಳೆಣ್ಣೆ ಅಂಟಾಗುತ್ತದೆ. ಆಯುಧಪೂಜೆಯಲ್ಲಿ ಅರಿಸಿನ, ಕುಂಕುಮ, ಗಂಧವನ್ನು ಮರದ ಹಿಡಿಗೆ ಹಚ್ಚಿ, ಉಕ್ಕಿಗೆ ಹಚ್ಚಬೇಡಿ. ಒದ್ದೆ ಗಂಧ ಒಣಗಿದ ಕಡೆ ಮಾರನೆಯ ದಿನಕ್ಕೆ ಕೆಂಪು ಕಲೆ ಕೂತಿರುತ್ತದೆ. ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಸಿಕ್ಕಿಸುವ ತೋಕ್ ಪೂ ನನಗೆ ಬಹಳ ಇಷ್ಟ. ಹೂವಿನಿಂದ ಉಕ್ಕಿಗೆ ಅಂಥ ಕೇಡಿಲ್ಲ. ಪೂಜೆ ಮುಗಿದ ಮೇಲೆ ಚರ್ಮದ ಚೀಲದಲ್ಲೋ ಬಟ್ಟೆಯ ಗವಸಿನಲ್ಲೋ ತಿಂಗಳುಗಟ್ಟಲೆ ಇಡಬೇಡಿ, ಎರಡೂ ತೇವ ಹಿಡಿದಿಟ್ಟುಕೊಳ್ಳುತ್ತವೆ.

ಚುನಾವಣೆ ಬಂದು ಕೋವಿಯನ್ನು ಒಪ್ಪಿಸಬೇಕಾದಾಗ ಒಳಗೂ ಹೊರಗೂ ಎಣ್ಣೆಯನ್ನು ದಪ್ಪಗೆ ಸವರಿ ಕೊಡಿ. ವಾಪಸ್ ತಂದ ದಿನ ಮೊದಲು ನಳಿಗೆಯೊಳಗೆ ಬೆಳಕು ಹಾಯುತ್ತದೆಯೇ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ತೂತು ಕಂಡರೆ ಸಾಕು. ಅಡ್ಡ ಏನಾದರೂ ಇದ್ದಾಗ ಗುಂಡು ಹಾರಿಸಿದರೆ ನಳಿಗೆ ಸೀಳಿ ಕೈಮುಖಕ್ಕೆ ಬಡಿಯುತ್ತದೆ.

ಇನ್ನು ಮಗಳಿಗೆ: ಸ್ಪರ್ಧೆಯ ಬೆಳಿಗ್ಗೆ ನಳಿಗೆಯಲ್ಲೂ ತೋಟಾ ಕೂರುವ ಜಾಗದಲ್ಲೂ ಎಣ್ಣೆ ಉಳಿಯದಂತೆ ಒಣಬಟ್ಟೆ ಎಳೆಯಮ್ಮ. ಹೊಸದಾಗಿ ಒರೆಸಿದ ನಳಿಗೆಯ ಮೊದಲ ಕೆಲವು ಗುಂಡುಗಳು ಬೇರೆ ಕಡೆ ಬೀಳುತ್ತವೆ. ಅದಕ್ಕೆ ಹೆದರಿ ಸೈಟ್ ತಿರುಗಿಸಬೇಡ. ಅಭ್ಯಾಸದ ಗುಂಡುಗಳಲ್ಲೇ ಅವನ್ನು ಕಳೆದುಬಿಡು.