ಜಾಲತಂತಿಗಳ ವರ್ಗೀಕರಣ: ಒಂದು ಚಾರಿತ್ರಿಕ ವಿಮರ್ಶೆ

ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲ್ಲುಗಳನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ನಡೆಯುವ ಪಾಠವು ಬಹುಕಾಲದಿಂದ ಒಂದೇ ಕ್ರಮವನ್ನು ಅನುಸರಿಸಿಕೊಂಡು ಬಂದಿದೆ. ಮೊದಲನೆಯದು ಟ್ವಿಸ್ಟೆಡ್ ಪೇರ್ ಎನ್ನಿಸಿಕೊಳ್ಳುವ ತಿರುಚಿದ ಜೋಡಿತಂತಿ. ಎರಡನೆಯದು ಒಂದೇ ಅಕ್ಷದ ಸುತ್ತ ಒಳವಾಹಕ ಹೊರವಾಹಕಗಳೆರಡನ್ನೂ ಇರಿಸಿದ ಕೋಆಕ್ಸಿಯಲ್ ಕೇಬಲ್. ಮೂರನೆಯದು ಗಾಜಿನ ಎಳೆಯಲ್ಲಿ ಬೆಳಕನ್ನು ಹಾಯಿಸುವ ಆಪ್ಟಿಕಲ್ ಫೈಬರ್. ಪರೀಕ್ಷೆಯ ಪ್ರಶ್ನೆಯೂ ಇದೇ ಕ್ರಮದಲ್ಲಿ ಬರುತ್ತದೆ, ಉತ್ತರವೂ ಇದೇ ಕ್ರಮದಲ್ಲಿ ಬರುತ್ತದೆ. ಈ ಕ್ರಮವು ಎಲ್ಲಿಂದ ಬಂದಿತು, ಇದು ಯಾವುದರ ಕ್ರಮ ಎಂಬ ಪ್ರಶ್ನೆಯನ್ನು ಚರಿತ್ರೆಯ ಅಧ್ಯಾಪಕನೊಬ್ಬನು ಎತ್ತುವುದು ವಿಜ್ಞಾನ ವಿಭಾಗದ ಮಿತ್ರರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ವಸ್ತುಗಳನ್ನು ಸಾಲಾಗಿ ನಿಲ್ಲಿಸಿದ ಯಾವ ಪಟ್ಟಿಯನ್ನು ಕಂಡರೂ ಅದರ ಹಿಂದಿನ ಕಾಲಾನುಕ್ರಮವನ್ನು ಹುಡುಕುವುದು ನಮ್ಮ ಶಾಸ್ತ್ರದ ಅಭ್ಯಾಸ. ಈ ಪಟ್ಟಿಯ ವಿಷಯದಲ್ಲಿ ಆ ಅಭ್ಯಾಸವು ವ್ಯರ್ಥವಾಗುವುದಿಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಗ್ರಂಥಗಳಲ್ಲಿ ಒಂದು ಬೆಹ್ರೂಜ್ ಫರೂಜಾನರ ‘ಡೇಟಾ ಕಮ್ಯುನಿಕೇಷನ್ಸ್ ಅಂಡ್ ನೆಟ್‌ವರ್ಕಿಂಗ್’. ಅದರ ನಾಲ್ಕನೆಯ ಆವೃತ್ತಿಯಲ್ಲಿ (೨೦೦೭) ಏಳನೆಯ ಅಧ್ಯಾಯವು ಪೂರ್ತಿಯಾಗಿ ಸಂವಹನ ಮಾಧ್ಯಮಗಳಿಗೆ ಮೀಸಲಾಗಿದೆ. ಪ್ರತಿಯೊಂದು ಕೇಬಲ್ಲಿಗೂ ಅದರ ಕನೆಕ್ಟರು, ಅದರ ಸಾಮರ್ಥ್ಯ, ಅದರ ಉಪಯೋಗ ಎಂಬ ತಲೆಬರಹಗಳು ತಪ್ಪದೆ ಬರುತ್ತವೆ. ಈ ವಿನ್ಯಾಸದ ಗುಣವನ್ನು ಮೊದಲು ಒಪ್ಪಿಕೊಳ್ಳತಕ್ಕದ್ದು. ತಾನು ಹುಡುಕುವುದು ಎಲ್ಲಿದೆಯೆಂಬುದು ವಿದ್ಯಾರ್ಥಿಗೆ ಕೂಡಲೇ ತಿಳಿಯುತ್ತದೆ. ಒಂದನ್ನು ಇನ್ನೊಂದರೊಡನೆ ಹೋಲಿಸುವುದೂ ಸುಲಭ. ೧೯೮೧ರಲ್ಲಿ ಮೊದಲು ಪ್ರಕಟವಾದ ಆಂಡ್ರೂ ಟ್ಯಾನೆನ್‌ಬಾಮರ ‘ಕಂಪ್ಯೂಟರ್ ನೆಟ್‌ವರ್ಕ್ಸ್’ ಗ್ರಂಥದ ಈಚಿನ ಆವೃತ್ತಿಗಳಲ್ಲಿಯೂ ಹೆಚ್ಚುಕಡಿಮೆ ಇದೇ ಅನುಕ್ರಮವಿದೆ. ಆದರೆ ಅಲ್ಲಿ ಒಂದು ಸ್ವಾರಸ್ಯವುಂಟು: ತಂತಿಗಳ ಪ್ರಸ್ತಾಪಕ್ಕೆ ಮೊದಲೇ, ಮಾಹಿತಿಯನ್ನು ಕಾಂತಪಟ್ಟಿಗಳಲ್ಲಿ ತುಂಬಿ ವಾಹನದಲ್ಲಿ ಸಾಗಿಸುವುದೂ ಒಂದು ಮಾಧ್ಯಮವೇ ಎಂದು ಗ್ರಂಥಕರ್ತರು ಗಣಿಸಿದ್ದಾರೆ. ಇದು ವಿನೋದದಂತೆ ಕಂಡರೂ ವಿವೇಕದ ಮಾತು. ಮಾಧ್ಯಮದ ಆಯ್ಕೆಯು ಖರ್ಚು, ಪರಿಮಾಣ, ಅನುಕೂಲ ಇವುಗಳ ಲೆಕ್ಕಾಚಾರವೆಂಬುದನ್ನು ಅದು ಆರಂಭದಲ್ಲಿಯೇ ಸೂಚಿಸುತ್ತದೆ. ನಮ್ಮ ಪರೀಕ್ಷಾ ಕೈಪಿಡಿಗಳು ದೊಡ್ಡ ಗ್ರಂಥಗಳಿಂದ ತಲೆಬರಹಗಳನ್ನು ಮಾತ್ರ ಎತ್ತಿಕೊಂಡು ಇಂತಹ ಮಾತುಗಳನ್ನು ಕೈಬಿಟ್ಟಿರುವುದು ಶೋಚನೀಯ.

ಜೋಡಿತಂತಿ, ಕೋಆಕ್ಸಿಯಲ್, ಫೈಬರ್ ಎಂಬ ಈ ಅನುಕ್ರಮವು ಸಾಮರ್ಥ್ಯದ ಏರಿಕೆಯ ಕ್ರಮ. ಆದರೆ ಅದನ್ನು ಓದಿದ ವಿದ್ಯಾರ್ಥಿಯು ಸಹಜವಾಗಿಯೇ ಅದನ್ನು ಕಾಲದ ಕ್ರಮವೆಂದೂ ತಿಳಿಯುತ್ತಾನೆ. ದುರ್ಬಲವಾದುದು ಮೊದಲು ಬಂದಿತು, ಅದಕ್ಕಿಂತ ಉತ್ತಮವಾದುದು ಬಂದು ಅದನ್ನು ಹಿಂದಕ್ಕೆ ತಳ್ಳಿತು ಎಂದು ಊಹಿಸುತ್ತಾನೆ. ದೂರವಾಣಿಯ ಮಟ್ಟಿಗೆ ಈ ಊಹೆ ಸ್ಥೂಲವಾಗಿ ಸರಿ. ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ತಿರುಚಿದ ಜೋಡಿತಂತಿಗೆ ಪೇಟೆಂಟು ಪಡೆದದ್ದು ೧೮೮೧ರಲ್ಲಿ. ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೊದಲ ದೂರವಾಣಿ ಕೇಬಲ್ಲು ೧೯೫೬ರದು, ಅದು ಕೋಆಕ್ಸಿಯಲ್. ಅದೇ ಸಾಗರದ ಮೊದಲ ಫೈಬರ್ ಕೇಬಲ್ಲು ಕಾರ್ಯಾರಂಭ ಮಾಡಿದ್ದು ೧೯೮೮ರಲ್ಲಿ. ಆದರೆ ಗಣಕಯಂತ್ರಗಳ ಸ್ಥಳೀಯ ಜಾಲದ ಚರಿತ್ರೆಯು ಬೇರೆಯೇ ಆಗಿದೆ. ಅಲ್ಲಿ ಕೋಆಕ್ಸಿಯಲ್ ಮೊದಲು ಬಂದಿತು. ವಿದ್ಯುತ್ ಗುಣಗಳಲ್ಲಿ ಅದಕ್ಕಿಂತ ಕೀಳೆನಿಸಿದ ಜೋಡಿತಂತಿಯು ಅನಂತರ ಬಂದು ಅದನ್ನು ಸ್ಥಾನಭ್ರಷ್ಟಗೊಳಿಸಿತು. ಅಂದಮೇಲೆ ಗಣಕಜಾಲದ ಪಾಠದಲ್ಲಿ ನಾವು ಬೋಧಿಸುತ್ತಿರುವ ಅನುಕ್ರಮವು ದೂರವಾಣಿಯ ಅನುಕ್ರಮ, ಗಣಕಜಾಲದ್ದಲ್ಲ. ನಮ್ಮ ಮುಖ್ಯ ಆಕ್ಷೇಪಣೆ ಇರುವುದು ಇಲ್ಲಿ.

ಈ ವಿಪರ್ಯಯವು ಹೇಗೆ ಸಂಭವಿಸಿತೆಂಬುದನ್ನು ತುಸು ವಿಸ್ತಾರವಾಗಿಯೇ ನೋಡಬೇಕು. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫರು ೧೯೭೩ರ ಮೇ ೨೨ರಂದು ಬರೆದ ಟಿಪ್ಪಣಿಯಲ್ಲಿ ಈಥರ್ನೆಟ್ ಎಂಬ ಹೆಸರು ಕಾಣಿಸಿಕೊಳ್ಳುತ್ತದೆ. ಎಲ್ಲ ಯಂತ್ರಗಳೂ ಒಂದೇ ಕೇಬಲ್ಲಿಗೆ ಅಂಟಿಕೊಂಡಿರಬೇಕು, ಒಂದು ನುಡಿದದ್ದು ಎಲ್ಲಕ್ಕೂ ಕೇಳಿಸಬೇಕೆಂಬುದು ಅದರ ಮೂಲಭಾವನೆ. ಈ ಭಾವನೆಗೆ ಕೋಆಕ್ಸಿಯಲ್ ಕೇಬಲ್ಲು ಚೆನ್ನಾಗಿ ಹೊಂದಿಕೊಂಡಿತು. ೧೯೮೦ರ ದಶಕದಲ್ಲಿ ಮಾನಕವಾಗಿ ನೆಲೆಗೊಂಡ ದಪ್ಪ ಈಥರ್ನೆಟ್ಟಿನ ಕೇಬಲ್ಲು ಬೆರಳಿನ ಗಾತ್ರದ್ದಾಗಿದ್ದು, ಸಾಮಾನ್ಯವಾಗಿ ಹಳದಿ ಹೊದಿಕೆಯನ್ನು ಹೊಂದಿರುತ್ತಿತ್ತು. ಅದರ ಮೇಲೆ ಎರಡೂವರೆ ಮೀಟರಿಗೊಂದು ಗುರುತಿರುತ್ತಿತ್ತು. ಆ ಗುರುತಿನ ಸ್ಥಳದಲ್ಲಿ ಕೇಬಲ್ಲನ್ನು ಕತ್ತರಿಸದೆ, ಹೊದಿಕೆಯನ್ನು ತೂತುಮಾಡಿ ಒಳವಾಹಕವನ್ನು ಮುಟ್ಟುವ ಮೊನೆಯನ್ನು ಚುಚ್ಚಿ ಹೊಸ ಯಂತ್ರವನ್ನು ಸೇರಿಸುತ್ತಿದ್ದರು. ಈ ಜೋಡಣೆಗೆ ಅಲ್ಲಿನವರು ರಕ್ತ ಹೀರುವ ಪಿಶಾಚಿಯ ಹೆಸರನ್ನಿಟ್ಟಿದ್ದು ಯುಕ್ತವಾಗಿಯೇ ಇದೆ. ಒಂದು ಖಂಡದ ಉದ್ದ ೫೦೦ ಮೀಟರು. ಅದರ ಮೇಲೆ ನೂರು ಜೋಡಣೆಗಳಿಗೆ ಅವಕಾಶ. ಅನಂತರ ಬಂದ ತೆಳು ಈಥರ್ನೆಟ್ಟು ಅಗ್ಗವಾಗಿತ್ತು, ಸುಲಭವಾಗಿ ಬಾಗುತ್ತಿತ್ತು. ಆದರೆ ಅದರ ಖಂಡದ ಉದ್ದ ೧೮೫ ಮೀಟರಿಗೆ, ಯಂತ್ರಗಳ ಸಂಖ್ಯೆ ೩೦ಕ್ಕೆ ಇಳಿಯಿತು. ಅದರ ಜೋಡಣೆ ಬಿ.ಎನ್.ಸಿ. ಕನೆಕ್ಟರಿನ ಮೂಲಕ: ಒತ್ತಿ ತಿರುಗಿಸಿದರೆ ಕಚ್ಚಿಕೊಳ್ಳುವ, ಟಿ ಅಕ್ಷರದ ಆಕಾರದ ಕವಲು ಪ್ರತಿ ಯಂತ್ರದ ಬೆನ್ನಿಗೂ ಒಂದೊಂದು. ಎರಡು ತುದಿಗಳಲ್ಲಿಯೂ ೫೦ ಓಮಿನ ಟರ್ಮಿನೇಟರನ್ನು ಸಿಕ್ಕಿಸಲೇಬೇಕು; ಇಲ್ಲದಿದ್ದರೆ ಸಂಕೇತವು ತುದಿಯಿಂದ ಪ್ರತಿಫಲಿಸಿ ಹಿಂದಿರುಗಿ ಎಲ್ಲವನ್ನೂ ಕೆಡಿಸುತ್ತದೆ.

ಈ ವ್ಯವಸ್ಥೆಯ ದೋಷ ಕೇಬಲ್ಲಿನ ಗುಣದಲ್ಲಿರಲಿಲ್ಲ, ಜೋಡಣೆಯ ರೀತಿಯಲ್ಲಿತ್ತು. ಸಾಲಿನ ನಡುವೆ ಎಲ್ಲಿಯಾದರೂ ಒಬ್ಬನು ಒಂದು ಕೊಂಡಿಯನ್ನು ಸಡಿಲಿಸಿದರೆ ಸಾಲಿನಲ್ಲಿದ್ದವರೆಲ್ಲರ ಕೆಲಸವೂ ನಿಲ್ಲುತ್ತಿತ್ತು. ತಪ್ಪು ಎಲ್ಲಿದೆಯೆಂದು ಹುಡುಕಲು ಮೇಜಿನಿಂದ ಮೇಜಿಗೆ ಅಲೆಯಬೇಕಾಗುತ್ತಿತ್ತು. ಇತ್ತ ಅಮೆರಿಕದ ಕಚೇರಿಗಳ ಗೋಡೆಗಳಲ್ಲಿ ದೂರವಾಣಿಗಾಗಿ ಎಳೆದ ಜೋಡಿತಂತಿಗಳು ಆಗಲೇ ಇದ್ದುವು. ಅವು ಪ್ರತಿ ಕೊಠಡಿಯಿಂದಲೂ ಒಂದು ಕೇಂದ್ರಕ್ಕೆ ಬಂದು ಸೇರುವ ನಕ್ಷತ್ರಾಕಾರದವು. ಜೆರಾಕ್ಸ್ ಕೇಂದ್ರದಿಂದಲೇ ಹೊರಬಂದವರು ೧೯೮೫ರಲ್ಲಿ ಸ್ಥಾಪಿಸಿದ ಸಿನಾಪ್ಟಿಕ್ಸ್ ಮೊದಲಾದ ಸಂಸ್ಥೆಗಳು ಈಥರ್ನೆಟ್ಟನ್ನು ಈ ತಂತಿಗಳ ಮೇಲೆ ಹರಿಸುವ ಪ್ರಯತ್ನದಲ್ಲಿ ತೊಡಗಿದುವು. ೧೯೯೦ರಲ್ಲಿ ಟೆನ್ ಬೇಸ್ ಟಿ ಎಂಬ ಮಾನಕವು ಅಂಗೀಕೃತವಾಯಿತು. ಯಂತ್ರದಿಂದ ಕೇಂದ್ರಕ್ಕೆ ನೂರು ಮೀಟರು. ಒಬ್ಬನ ತಂತಿ ತುಂಡಾದರೆ ಅವನೊಬ್ಬನ ಕೆಲಸ ಮಾತ್ರ ನಿಲ್ಲುತ್ತದೆ. ಉದ್ದದಲ್ಲಿ ಐದನೆಯ ಒಂದು ಪಾಲು, ಹೊರಗಿನ ಗದ್ದಲದಿಂದ ರಕ್ಷಣೆಯೂ ಕಡಿಮೆ; ಆದರೂ ಗೆಲವು ಜೋಡಿತಂತಿಯದೇ ಆಯಿತು. ‘ಉತ್ತಮವಾದುದು ಗೆಲ್ಲುತ್ತದೆ’ ಎಂಬ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರತಿನಿದರ್ಶನ ಬೇಕಿಲ್ಲ. ಗೋಡೆಯಲ್ಲಿ ಆಗಲೇ ಇದ್ದ ವಸ್ತು ಮತ್ತು ತಪ್ಪನ್ನು ಬೇಗ ಹುಡುಕಬಹುದಾದ ಆಕಾರ ಎಂಬ ಎರಡು ಕಾರಣಗಳನ್ನು ಸಾಮರ್ಥ್ಯದ ಕೋಷ್ಟಕದಲ್ಲಿ ಬರೆಯಲು ಸ್ಥಳವೇ ಇಲ್ಲ.

ದೂರವಾಣಿಯ ಈ ಋಣವು ಕನೆಕ್ಟರಿನಲ್ಲಿ ಕೆತ್ತಿದಂತೆ ಉಳಿದಿದೆ. ಕಾಲವನ್ನು ನಮೂದಿಸದ ಶಾಸನದ ಕಾಲವನ್ನು ಅಕ್ಷರಗಳ ರೂಪದಿಂದ ನಿರ್ಣಯಿಸುವುದು ನಮ್ಮ ವಿದ್ವಾಂಸರ ಪದ್ಧತಿಯಷ್ಟೆ. ಎಂಟು ಪಿನ್ನುಗಳ ಈ ಸಣ್ಣ ಪ್ಲಾಸ್ಟಿಕ್ ಮೊಳೆಯನ್ನೂ ಹಾಗೆಯೇ ಓದಬಹುದು. ಟೆನ್ ಬೇಸ್ ಟಿ ಯಲ್ಲಿ ಒಂದು ಜೋಡಿಗೆ ೧ ಮತ್ತು ೨ನೆಯ ಪಿನ್ನುಗಳು. ಇನ್ನೊಂದು ಜೋಡಿಗೆ ೩ ಮತ್ತು ೪ ಆಗಿರಬೇಕಾದುದು ನ್ಯಾಯ. ಆದರೆ ಅದು ೩ ಮತ್ತು ೬ಕ್ಕೆ ಹಂಚಿಹೋಗಿದೆ. ನಡುವಿನ ೪, ೫ ಯಾರ ಪಾಲಿಗೆ? ದೂರವಾಣಿಯ ಪಾಲಿಗೆ. ಅಮೆರಿಕದ ದೂರವಾಣಿ ಪದ್ಧತಿಯಲ್ಲಿ ಮೊದಲ ಸಾಲು ಸದಾ ನಟ್ಟನಡುವಿನ ಎರಡು ಪಿನ್ನುಗಳಲ್ಲಿ, ಎರಡನೆಯ ಸಾಲು ಅದನ್ನು ಎರಡು ಕಡೆಯಿಂದಲೂ ಅಪ್ಪಿಕೊಂಡಂತೆ. ಹೀಗಿದ್ದರೆ ಕಡಿಮೆ ಪಿನ್ನುಗಳ ಚಿಕ್ಕ ಮೊಳೆಯನ್ನು ದೊಡ್ಡ ಗೂಡಿಗೆ ಸಿಕ್ಕಿಸಿದರೂ ಮೊದಲ ಸಾಲು ತನ್ನ ಸ್ಥಾನದಲ್ಲಿಯೇ ಕೂಡುತ್ತದೆ. ಆ ನಡುಸ್ಥಾನವನ್ನು ಮುಟ್ಟದೆ, ಅದರ ಸುತ್ತ ಬಳಸಿಕೊಂಡು ಹೋಗುವಂತೆ ಗಣಕಜಾಲದ ಪಿನ್ನುಗಳನ್ನು ಹಂಚಲಾಯಿತು.

ಇದು ಕೇವಲ ಪುರಾತನ ವಸ್ತುಪ್ರಿಯರ ಕುತೂಹಲವೆಂದು ತಳ್ಳಿಹಾಕುವಂತಿಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು ಎಂದು ಬಣ್ಣಗಳನ್ನು ಮಂತ್ರದಂತೆ ಬಾಯಿಪಾಠ ಮಾಡುತ್ತಾನೆ. ಹಸಿರು ಜೋಡಿಯನ್ನು ನೀಲಿಯು ಏಕೆ ಬೇರ್ಪಡಿಸಿತೆಂಬುದು ಅವನಿಗೆ ತಿಳಿಯದು. ಮಂತ್ರವು ಮರೆತಾಗ ಅವನು ತರ್ಕವನ್ನು ನಂಬಿ, ಜೋಡಿಜೋಡಿಯಾಗಿ ೧-೨, ೩-೪, ೫-೬, ೭-೮ ಎಂದು ಎರಡು ತುದಿಗಳಲ್ಲಿಯೂ ಒಂದೇ ರೀತಿ ಕೂಡಿಸುತ್ತಾನೆ. ಅಗ್ಗದ ಟೆಸ್ಟರಿಗೆ ಹಚ್ಚಿದರೆ ಎಂಟು ದೀಪಗಳೂ ಸರಿಯಾಗಿಯೇ ಬೆಳಗುತ್ತವೆ, ಏಕೆಂದರೆ ಈ ತುದಿಯ ಪ್ರತಿ ಪಿನ್ನೂ ಆ ತುದಿಯ ಅದೇ ಪಿನ್ನನ್ನು ಮುಟ್ಟುತ್ತಿದೆ. ಆದರೂ ಜಾಲವು ತಡವರಿಸುತ್ತದೆ, ಇಲ್ಲವೆ ನಿಂತೇಹೋಗುತ್ತದೆ. ತಿರುಚಿದ ಜೋಡಿಯ ಗುಟ್ಟೇನೆಂದರೆ, ಒಂದು ತಂತಿಯಲ್ಲಿ ಸಂಕೇತವೂ ಅದರ ಸಂಗಾತಿಯಲ್ಲಿ ಅದರ ವಿಲೋಮವೂ ಹರಿಯುತ್ತವೆ; ಹೊರಗಿನ ಗದ್ದಲವು ಎರಡರ ಮೇಲೂ ಸಮವಾಗಿ ಬೀಳುತ್ತದೆ; ಗ್ರಾಹಕವು ಎರಡರ ವ್ಯತ್ಯಾಸವನ್ನು ಮಾತ್ರ ಎಣಿಸುವುದರಿಂದ ಗದ್ದಲವು ಅಳಿದುಹೋಗುತ್ತದೆ. ೩ ಮತ್ತು ೬ನೆಯ ಪಿನ್ನುಗಳಿಗೆ ಬೇರೆ ಬೇರೆ ಜೋಡಿಯ ತಂತಿಗಳು ಬಂದುವೆಂದರೆ ಈ ರಕ್ಷಣೆಯೇ ಇಲ್ಲವಾಯಿತು. ಚರಿತ್ರೆಯನ್ನು ಬಿಟ್ಟು ಉಪಯೋಗವನ್ನು ಮಾತ್ರ ಕಲಿಸುತ್ತೇವೆನ್ನುವವರು ಇಲ್ಲಿ ಉಪಯೋಗವನ್ನೂ ಕಲಿಸಿದಂತಾಗಲಿಲ್ಲ.

ಹೆಸರಿನ ವಿಷಯವಾಗಿಯೂ ಒಂದು ಮಾತು. ಈ ಕನೆಕ್ಟರನ್ನು ಎಲ್ಲರೂ ಆರ್.ಜೆ. ೪೫ ಎನ್ನುತ್ತೇವೆ. ಆರ್.ಜೆ. ಎಂಬುದು ಅಮೆರಿಕ ಸರ್ಕಾರದ ಸಂಪರ್ಕ ಆಯೋಗದ ನೋಂದಣಿ ವ್ಯವಸ್ಥೆಗೆ ಸೇರಿದ ಸಂಕೇತ. ಆ ಪಟ್ಟಿಯಲ್ಲಿ ೪೫ನೆಯ ಸಂಖ್ಯೆಯನ್ನು ಪಡೆದದ್ದು ದೂರವಾಣಿ ಸಾಲಿನ ಮೋಡೆಮ್ಮಿಗಾಗಿ ಏರ್ಪಡಿಸಿದ ಬೇರೊಂದು ಗೂಡು. ಆಕಾರಸಾಮ್ಯದಿಂದ ಅದರ ಹೆಸರು ಇದಕ್ಕೆ ಅಂಟಿತು. ಶಾನುಭೋಗಿಕೆ ರದ್ದಾದ ಮೇಲೆಯೂ ಮನೆತನದ ಹೆಸರಾಗಿ ಆ ಶಬ್ದವು ಉಳಿದಿರುವುದನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಳಕೆಯನ್ನು ತಿದ್ದಬೇಕೆಂದೂ ನಾವು ಹೇಳುವುದಿಲ್ಲ. ಪಠ್ಯವು ಒಂದು ಸಾಲಿನಲ್ಲಿ ಅದನ್ನು ಸೂಚಿಸಬಾರದೆ ಎಂದಷ್ಟೇ ಕೇಳುತ್ತೇವೆ.

ತಪ್ಪು ತಂತ್ರಜ್ಞರದು ಮಾತ್ರವಲ್ಲ. ಜಾನೆಟ್ ಅಬ್ಬಾಟೆಯವರ ‘ಇನ್ವೆಂಟಿಂಗ್ ದಿ ಇಂಟರ್‌ನೆಟ್’ (೧೯೯೯) ಮಾನ್ಯವಾದ ಗ್ರಂಥ. ಆದರೆ ಅದರ ದೃಷ್ಟಿ ಆರ್ಪಾನೆಟ್, ಅದನ್ನು ಪೋಷಿಸಿದ ಸಂಸ್ಥೆಗಳು, ಸಂವಹನದ ನಿಯಮಾವಳಿಗಳು ಇವುಗಳ ಮೇಲೆ ನೆಟ್ಟಿದೆ. ಮೇಜಿನ ಕೆಳಗಿನ ತಂತಿಯ ಕಥೆಗೆ ಉರ್ಸ್ ಫಾನ್ ಬುರ್ಗರ ‘ದಿ ಟ್ರಯಂಫ್ ಆಫ್ ಈಥರ್ನೆಟ್’ (೨೦೦೧) ಹೆಚ್ಚು ಹತ್ತಿರ, ಈಥರ್ನೆಟ್ಟಿಗೂ ಐ.ಬಿ.ಎಂ. ಬೆಂಬಲಿಸಿದ ಟೋಕನ್ ರಿಂಗಿಗೂ ನಡೆದ ಸ್ಪರ್ಧೆಯನ್ನು ಅದು ವಿವರಿಸುತ್ತದೆ. ಆ ಟೋಕನ್ ರಿಂಗಿನ ಕನೆಕ್ಟರು ವಿಲಕ್ಷಣವಾದುದು: ಗಂಡು ಹೆಣ್ಣೆಂಬ ಭೇದವಿಲ್ಲದೆ ಯಾವುದೇ ಎರಡು ತುದಿಗಳು ಪರಸ್ಪರ ಕೂಡಿಕೊಳ್ಳುತ್ತಿದ್ದುವು. ಜಾಣತನದಲ್ಲಿ ಅದು ಮೇಲು, ಗಾತ್ರದಲ್ಲಿ ತೊಡಕು. ಇಂತಹ ವಸ್ತುಗಳನ್ನು ಹಳೆಯ ಸಾಮಾನಿನೊಡನೆ ತೂಕಕ್ಕೆ ಹಾಕುವ ಮೊದಲು ಒಂದೊಂದನ್ನಾದರೂ ಕಾಲನಿರ್ದೇಶದೊಡನೆ ತೆಗೆದಿರಿಸುವುದು ಕಾಲೇಜುಗಳಿಗೆ ಅಸಾಧ್ಯವಲ್ಲ.

ಫೈಬರಿನ ವಿಷಯದಲ್ಲಿ ಪಠ್ಯಗಳ ಮೇಲೆ ನಮ್ಮ ಆಕ್ಷೇಪಣೆ ಅಲ್ಪ. ಗಾಜಿನಲ್ಲಿಯ ಕಲ್ಮಷವನ್ನು ಕಳೆದರೆ ಕಿಲೋಮೀಟರಿಗೆ ೨೦ ಡೆಸಿಬೆಲ್‌ಗಿಂತ ಕಡಿಮೆ ನಷ್ಟ ಸಾಧ್ಯವೆಂದು ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮರು ೧೯೬೬ರಲ್ಲಿ ವಾದಿಸಿದರು. ೧೯೭೦ರಲ್ಲಿ ಕಾರ್ನಿಂಗ್ ಸಂಸ್ಥೆಯವರು ಅದನ್ನು ಸಾಧಿಸಿದರು. ಇದು ಬಹುಪಾಲು ಕಡೆ ದಾಖಲಾಗಿದೆ. ಹಸಿರು ಬಣ್ಣದ ಕನೆಕ್ಟರಿನ ಗಾಜಿನ ಮುಖವನ್ನು ಎಂಟು ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದರಲ್ಲಿ ಆ ಓರೆಯಿಲ್ಲ, ಆದಕಾರಣ ಎರಡನ್ನೂ ಕೂಡಿಸಬಾರದೆಂಬ ವಿವರ ಮಾತ್ರ ಕೈಪಿಡಿಗಳಲ್ಲಿ ವಿರಳ. ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳವರೆಗೆ ಫೈಬರ್ ಎಳೆದಿರುವ ಈ ದಿನಗಳಲ್ಲಿ, ಹಳ್ಳಿಯ ವಿದ್ಯಾರ್ಥಿಯು ಬಿ.ಎನ್.ಸಿ. ಈಥರ್ನೆಟ್ಟನ್ನು ಎಂದೂ ಕಾಣದೆ ಫೈಬರನ್ನೇ ಮೊದಲು ಕಂಡಿರಬಹುದು. ಅವನ ಅನುಭವದ ಕ್ರಮವು ಪುಸ್ತಕದ ಕ್ರಮವನ್ನೂ ಹೋಲುವುದಿಲ್ಲ, ಚರಿತ್ರೆಯ ಕ್ರಮವನ್ನೂ ಹೋಲುವುದಿಲ್ಲ.

ಪಠ್ಯವನ್ನು ಪರಿಷ್ಕರಿಸುವವರು ಪ್ರತಿಯೊಂದು ಕೇಬಲ್ಲಿನ ಕೆಳಗೆ ಎರಡು ಅಂಕಣಗಳನ್ನು ಹೆಚ್ಚಿಸಿದರೆ ಸಾಕು: ಯಾವಾಗ ಬಂದಿತು, ಅದು ಬಂದಾಗ ಗೋಡೆಯಲ್ಲಿ ಏನಿತ್ತು. ೧೯೯೯ರಲ್ಲಿ ಜೋಡಿತಂತಿಯ ಮೇಲೆ ಗಿಗಾಬಿಟ್ ಈಥರ್ನೆಟ್ ಮಾನಕವು ಬಂದಾಗ ನಾಲ್ಕು ಜೋಡಿಗಳೂ ಬಳಕೆಗೆ ಬಂದುವು. ದೂರವಾಣಿಗೆಂದು ಬಿಟ್ಟಿದ್ದ ೪, ೫ನೆಯ ಪಿನ್ನುಗಳಲ್ಲಿಯೂ ಗಣಕದ ಸಂಕೇತವೇ ಹರಿಯತೊಡಗಿತು. ಹಸಿರು ಜೋಡಿಯು ಮಾತ್ರ ಈಗಲೂ ೩ ಮತ್ತು ೬ರಲ್ಲಿಯೇ ಕುಳಿತಿದೆ.